ನಿಮಗಿದು ಗೊತ್ತೇ? ರೇಷನ್ ಅಂಗಡಿಯ ಸಾಲಿನಲ್ಲಿ ನಿಂತವರಿಗೆ

● ರೇಷನ್ ಕಾರ್ಡಿನ ಮಟ್ಟಿಗೆ ಮನೆಗೆ ಹೆಂಗಸೇ ಯಜಮಾನಿ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 13ನೇ ಕಲಂ ಹೀಗೆಂದು ಸ್ಪಷ್ಟವಾಗಿ ಹೇಳುತ್ತದೆ. ಮನೆಯಲ್ಲಿ 18 ತುಂಬಿದ ಹೆಣ್ಣುಮಕ್ಕಳಲ್ಲಿ ಯಾರು ಹಿರಿಯಳೋ ಕಾರ್ಡು ಆಕೆಯ ಹೆಸರಿನಲ್ಲಿರಬೇಕು. ಅಂಥ ಹೆಂಗಸು ಇಲ್ಲದ ಮನೆಯಲ್ಲಿ ಮಾತ್ರ ಹಿರಿಯ ಗಂಡಸಿನ ಹೆಸರು ಬರುತ್ತದೆ. ಅದೂ ಮನೆಯ ಹುಡುಗಿಗೆ 18 ತುಂಬುವವರೆಗೆ. 2023ರಲ್ಲಿ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಯಾರ ಖಾತೆಗೆ ಹೋಗಬೇಕು ಎಂದು ಗೊತ್ತುಮಾಡಲು ಕರ್ನಾಟಕ ಸರ್ಕಾರ ನೋಡಿದ್ದೂ ಕಾರ್ಡಿನಲ್ಲಿದ್ದ ಈ ಯಜಮಾನಿಯ ಹೆಸರನ್ನೇ.

● ನಿಮ್ಮ ಕಾರ್ಡನ್ನು ಅಂಗಡಿಯವರು ತಮ್ಮ ಬಳಿ ಇಟ್ಟುಕೊಳ್ಳುವಂತಿಲ್ಲ. ‘ಇಲ್ಲೇ ಇರಲಿ ಬಿಡಿ, ಮುಂದಿನ ತಿಂಗಳು ಬಂದಾಗ ನೋಡೋಣ’ ಎಂದರೆ ಒಪ್ಪಬೇಡಿ. ಧಾನ್ಯ ಕೊಟ್ಟ ಮೇಲೆ ಕಾರ್ಡು ವಾಪಸು ಕೊಡಲೇಬೇಕು ಎಂದು 2015ರ ಸಾರ್ವಜನಿಕ ವಿತರಣಾ ನಿಯಂತ್ರಣ ಆದೇಶ ವಿಧಿಸಿದೆ.

● ಅಂಗಡಿಯ ಹೊರಗೆ ಬೋರ್ಡು ಇರಬೇಕು. ಯಾರಿಗೆ ಎಷ್ಟು ಕೆಜಿ, ಈ ತಿಂಗಳು ಎಷ್ಟು ಮಾಲು ಬಂದಿದೆ, ಎಷ್ಟು ಉಳಿದಿದೆ, ಬಾಗಿಲು ತೆರೆಯುವುದು ಮುಚ್ಚುವುದು ಎಷ್ಟು ಹೊತ್ತಿಗೆ, ದೂರು ಕೊಡುವುದು ಯಾರಿಗೆ, ಎಲ್ಲವೂ ಅದರ ಮೇಲೆ ಬರೆದಿರಬೇಕು. ಹಂಚುತ್ತಿರುವ ಧಾನ್ಯದ ಮಾದರಿಯನ್ನೂ ಜನರ ಕಣ್ಣಿಗೆ ಬೀಳುವಂತೆ ಇಡಬೇಕು. ಮಾದರಿಯಲ್ಲಿ ಒಂದು ಅಕ್ಕಿ, ಚೀಲದಲ್ಲಿ ಇನ್ನೊಂದು ಅಕ್ಕಿ ಕಂಡರೆ ಕೇಳುವ ಅಧಿಕಾರ ಸಾಲಿನಲ್ಲಿ ನಿಂತ ಪ್ರತಿಯೊಬ್ಬರಿಗೂ ಇದೆ.

● ರೇಷನ್ ಕಾರ್ಡು ಗುರುತಿನ ಚೀಟಿಯಲ್ಲ, ವಿಳಾಸದ ದಾಖಲೆಯೂ ಅಲ್ಲ. ಅದನ್ನು ಹಾಗೆ ಬಳಸಕೂಡದು ಎಂದು ಅದೇ 2015ರ ಆದೇಶದಲ್ಲಿದೆ. ಆದರೂ ಕಚೇರಿಗಳಲ್ಲಿ, ಆಸ್ಪತ್ರೆಗಳಲ್ಲಿ ಮೊದಲು ಕೇಳುವುದು ‘ಬಿಪಿಎಲ್ ಕಾರ್ಡ್ ಇದೆಯಾ?’ ಎಂದೇ. ಅಕ್ಕಿಗಾಗಿ ಹುಟ್ಟಿದ ಕಾರ್ಡಿಗೆ ವೈದ್ಯಕೀಯ ನೆರವು, ವಿದ್ಯಾರ್ಥಿವೇತನ, ಪಿಂಚಣಿ ಎಲ್ಲವೂ ಗಂಟು ಬಿದ್ದಿವೆ. 2024ರ ನವೆಂಬರಿನಲ್ಲಿ ರಾಜ್ಯದಲ್ಲಿ ಕಾರ್ಡುಗಳು ರದ್ದಾದ ಸುದ್ದಿ ಹಬ್ಬಿದಾಗ ಜನ ಅಷ್ಟೊಂದು ಗಾಬರಿಯಾದದ್ದಕ್ಕೆ ಇದೂ ಕಾರಣ. ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡುಗಳನ್ನು ಮರಳಿ ಕೊಡಲಾಗುವುದು ಎಂದು ಸರ್ಕಾರ ಆಗ ಹೇಳಬೇಕಾಯಿತು.

● ‘ಹೆಬ್ಬೆಟ್ಟು ತಗೋತಿಲ್ಲ, ನಾಳೆ ಬನ್ನಿ.’ ರೇಷನ್ ಅಂಗಡಿಯಲ್ಲಿ ಇಷ್ಟು ಸಲ ಕೇಳಿಬರುವ ಮಾತು ಇನ್ನೊಂದಿಲ್ಲ. ಯಂತ್ರಕ್ಕೆ ಬೆರಳಿನ ಗೆರೆ ಬೇಕು. ಆದರೆ ದಕ್ಷಿಣ ಕನ್ನಡದಲ್ಲಿ ಹತ್ತಾರು ವರ್ಷ ಬೀಡಿ ಕಟ್ಟಿದ ಅಮ್ಮನ ಬೆರಳು, ಅಡಿಕೆ ಸುಲಿದವರ ಬೆರಳು, ಕಲ್ಲು ಒಡೆದವರ ಮತ್ತು ಪಾತ್ರೆ ತಿಕ್ಕಿದವರ ಬೆರಳು ಸವೆದು ನುಣುಪಾಗಿರುತ್ತವೆ. ಹೆಚ್ಚು ದುಡಿದವರ ಬೆರಳನ್ನೇ ಯಂತ್ರ ಗುರುತಿಸದೆ ಹೋಗುವುದು ನನಗೆ ಅತಿ ದೊಡ್ಡ ಅನ್ಯಾಯವಾಗಿ ಕಾಣುತ್ತದೆ.

ಇದು ಬರೀ ತೊಂದರೆಯ ಮಾತಲ್ಲ. 2017ರ ಸೆಪ್ಟೆಂಬರಿನಲ್ಲಿ ಜಾರ್ಖಂಡಿನ ಸಿಮ್ಡೇಗಾ ಜಿಲ್ಲೆಯಲ್ಲಿ 11 ವರ್ಷದ ಹುಡುಗಿಯೊಬ್ಬಳು ಸತ್ತಳು. ಆಧಾರ್ ಜೋಡಣೆಯಾಗಿಲ್ಲವೆಂದು ಆ ಮನೆಯ ಕಾರ್ಡು ರದ್ದಾಗಿತ್ತು. ಮಗಳು ಅನ್ನ ಕೇಳುತ್ತಲೇ ಪ್ರಾಣ ಬಿಟ್ಟಳೆಂದು ತಾಯಿ ಹೇಳಿದಳು. ಕಾರಣ ಮಲೇರಿಯಾ ಎಂದು ಆಡಳಿತ ಹೇಳಿತು. ಅದೇ ವರ್ಷ ಜುಲೈಯಲ್ಲಿ ನಮ್ಮ ಗೋಕರ್ಣದ ಬಳಿ ದಲಿತ ಕುಟುಂಬವೊಂದರ ಮೂವರು ಅಣ್ಣತಮ್ಮಂದಿರು ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡರು. ಆಧಾರ್ ಜೋಡಣೆಯ ಕಾರಣಕ್ಕೆ ಆ ಮನೆಗೆ ತಿಂಗಳುಗಟ್ಟಲೆ ಪಡಿತರ ನಿಂತಿತ್ತೆಂದು ನಾಗರಿಕ ಹಕ್ಕುಗಳ ಸಂಘಟನೆಯಾದ ಪಿಯುಸಿಎಲ್‌ನ ಸತ್ಯಶೋಧನಾ ತಂಡ ವರದಿ ಮಾಡಿತು. ಇದು ಹಸಿವಿನ ಸಾವೆಂದು ಸರ್ಕಾರ ಒಪ್ಪಲಿಲ್ಲ.

ಸಿಮ್ಡೇಗಾದ ಸಾವಿನ ನಂತರ, 2017ರ ಅಕ್ಟೋಬರ್ 24ರಂದು, ಕೇಂದ್ರದ ಆಹಾರ ಇಲಾಖೆ ಎಲ್ಲ ರಾಜ್ಯಗಳಿಗೂ ಪತ್ರ ಬರೆಯಿತು. ಆಧಾರ್ ಇಲ್ಲ, ಜೋಡಣೆಯಾಗಿಲ್ಲ, ಬೆರಳು ಹೊಂದುತ್ತಿಲ್ಲ, ನೆಟ್‌ವರ್ಕ್ ಇಲ್ಲ ಎಂಬ ಯಾವ ಕಾರಣಕ್ಕೂ ಅರ್ಹರಿಗೆ ಧಾನ್ಯ ನಿರಾಕರಿಸಕೂಡದು ಎಂಬುದು ಅದರ ಸಾರ. ಬೆರಳು ಹೊಂದದಿದ್ದರೆ ಕಣ್ಣಿನ ಪಾಪೆ ನೋಡಬಹುದು, ಮೊಬೈಲಿಗೆ ಒಟಿಪಿ ಕಳಿಸಬಹುದು, ಅದೂ ಆಗದಿದ್ದರೆ ಬೇರೆ ದಾಖಲೆ ನೋಡಿ ಪುಸ್ತಕದಲ್ಲಿ ಬರೆದುಕೊಂಡು ಕೊಡಬಹುದು. ಮನೆಯ ಸದಸ್ಯರಲ್ಲಿ ಯಾರೇ ಒಬ್ಬರು ಬೆರಳಿಟ್ಟರೂ ಇಡೀ ಮನೆಯ ಪಾಲು ಸಿಗಬೇಕು. ಈ ಪತ್ರದ ವಿಷಯ ಪ್ರತಿ ಅಂಗಡಿಯ ಗೋಡೆಯ ಮೇಲೂ ದೊಡ್ಡ ಅಕ್ಷರಗಳಲ್ಲಿ ಇರಬೇಕಿತ್ತು.

● ಧಾನ್ಯ ಸಿಗದಿದ್ದರೆ ಹಣ ಕೊಡಬೇಕು. ಕಾಯ್ದೆಯ 8ನೇ ಕಲಮಿನಲ್ಲಿ ಇದಕ್ಕೆ ಆಹಾರ ಭದ್ರತಾ ಭತ್ಯೆ ಎಂದು ಹೆಸರು. ‘ಈ ತಿಂಗಳು ಸ್ಟಾಕ್ ಬಂದಿಲ್ಲ’ ಎಂಬ ಮಾತಿನೊಂದಿಗೆ ನಿಮ್ಮ ಪಾಲು ಮುಗಿದುಹೋಗುವುದಿಲ್ಲ. ದೂರು ಕೇಳಲು ಜಿಲ್ಲೆಗೊಬ್ಬ ಅಧಿಕಾರಿ, ಅದರ ಮೇಲೆ ರಾಜ್ಯ ಆಹಾರ ಆಯೋಗ ಇರಬೇಕೆಂಬುದೂ ಅದೇ ಕಾಯ್ದೆಯಲ್ಲಿದೆ.

● ಕಾಯ್ದೆಯ ಪ್ರಕಾರ ಆದ್ಯತಾ ಕುಟುಂಬದ, ಅಂದರೆ ನಾವು ಬಿಪಿಎಲ್ ಎನ್ನುವ ಕಾರ್ಡಿನ, ತಲೆಗೆ ತಿಂಗಳಿಗೆ 5 ಕೆಜಿ. ಕಡುಬಡವರ ಅಂತ್ಯೋದಯ ಕಾರ್ಡಿಗೆ ತಲೆ ಎಣಿಸುವುದಿಲ್ಲ, ಮನೆಗೆ 35 ಕೆಜಿ. ಒಂಟಿ ಅಜ್ಜಿಗೂ 35, ಐದು ಜನರಿಗೂ 35. ಅಕ್ಕಿಗೆ 3 ರೂಪಾಯಿ, ಗೋಧಿಗೆ 2, ಸಿರಿಧಾನ್ಯಕ್ಕೆ 1 ಎಂದು ಕಾಯ್ದೆಯಲ್ಲಿ ಬೆಲೆ ನಮೂದಾಗಿದ್ದರೂ 2023ರ ಜನವರಿಯಿಂದ ಕೇಂದ್ರದ ಪಾಲು ಪೂರ್ತಿ ಉಚಿತ.

● ಈ ಸಾಲು ಶುರುವಾದದ್ದು ಯುದ್ಧಕಾಲದಲ್ಲಿ. ಎರಡನೇ ಮಹಾಯುದ್ಧ, 1943ರ ಬಂಗಾಳದ ಭೀಕರ ಕ್ಷಾಮ, ಅದರ ನಡುವೆ ಆಹಾರ ಧಾನ್ಯ ನೀತಿ ಸಮಿತಿಯೊಂದು ಒಂದು ಲಕ್ಷಕ್ಕೂ ಹೆಚ್ಚು ಜನರಿರುವ ಪಟ್ಟಣಗಳಲ್ಲಿ ಪಡಿತರ ತರಬೇಕೆಂದು ಸಲಹೆ ಕೊಟ್ಟಿತು. ಆಗ ಅದು ಪಟ್ಟಣದವರ ಸವಲತ್ತು. ಹಳ್ಳಿಗಾಡಿಗೆ ಅದು ಸರಿಯಾಗಿ ತಲುಪಲು ದಶಕಗಳೇ ಬೇಕಾದವು.

● ಭಾರತೀಯ ಆಹಾರ ನಿಗಮ ಕೆಲಸ ಆರಂಭಿಸಿದ್ದು 1965ರ ಜನವರಿ 14ರಂದು, ಭತ್ತದ ಕಣಜವೆನಿಸಿದ ತಂಜಾವೂರಿನಿಂದ. ಆ ಹೊತ್ತಿಗೆ ದೇಶ ಅಮೆರಿಕದಿಂದ ಬರುವ ಗೋಧಿಯ ಹಡಗುಗಳ ದಾರಿ ಕಾಯುತ್ತಿತ್ತು. ಅದೇ ವರ್ಷ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ ವಾರಕ್ಕೊಂದು ಹೊತ್ತು ಊಟ ಬಿಡಿ ಎಂದು ಜನರನ್ನು ಕೇಳಿಕೊಂಡರು.

● ‘ಬಿಪಿಎಲ್’, ‘ಎಪಿಎಲ್’ ಎಂಬ ವಿಂಗಡಣೆ ರೇಷನ್ ಅಂಗಡಿಗೆ ಬಂದದ್ದು 1997ರ ಜೂನ್‌ನಲ್ಲಿ. ಅಂತ್ಯೋದಯ ಶುರುವಾದದ್ದು 2000ದ ಡಿಸೆಂಬರ್ 25ರಂದು. ಮೊದಲು ಮನೆಗೆ 25 ಕೆಜಿ, 2002ರ ಏಪ್ರಿಲ್‌ನಿಂದ 35.

● ಪಡಿತರ ಹಕ್ಕಾಗಿ ಬದಲಾದ ಕಥೆಯ ನಡುವೆ ಒಂದು ಅರ್ಜಿಯಿದೆ. 2001ರಲ್ಲಿ ರಾಜಸ್ಥಾನದಲ್ಲಿ ಬರ. ಸರ್ಕಾರಿ ಗೋದಾಮುಗಳಲ್ಲಿ ಧಾನ್ಯ ತುಂಬಿ ತುಳುಕುತ್ತಿತ್ತು, ಪಕ್ಕದ ಊರುಗಳಲ್ಲಿ ಜನ ಹಸಿದಿದ್ದರು. ಪಿಯುಸಿಎಲ್ ಸುಪ್ರೀಂ ಕೋರ್ಟಿಗೆ ಹೋಯಿತು. ಆ ವರ್ಷ ನವೆಂಬರ್ 28ರ ಮಧ್ಯಂತರ ಆದೇಶದಲ್ಲಿ ಕೋರ್ಟು ಅಂತ್ಯೋದಯ, ಅಂಗನವಾಡಿ, ಶಾಲೆಯ ಬಿಸಿಯೂಟ ಮೊದಲಾದ ಯೋಜನೆಗಳನ್ನು ಜನರ ಹಕ್ಕುಗಳೆಂದು ಪರಿಗಣಿಸಿ, ಸರ್ಕಾರಗಳು ಇಷ್ಟ ಬಂದಾಗ ನಿಲ್ಲಿಸದಂತೆ ಕಟ್ಟಿಹಾಕಿತು. ಹನ್ನೆರಡು ವರ್ಷಗಳ ನಂತರ ಬಂದ ಕಾಯ್ದೆಗೆ ನೆಲ ಹದವಾದದ್ದು ಅಲ್ಲಿ.

● ರೇಷನ್ ಅಕ್ಕಿಯಲ್ಲಿ ನುಚ್ಚು ಯಾಕೆ ಇಷ್ಟೊಂದು? ನಿಯಮವೇ ಹಾಗಿತ್ತು. ಗಿರಣಿಯವರು ಆಹಾರ ನಿಗಮಕ್ಕೆ ಕೊಡುವ ಬೆಳ್ತಿಗೆ ಅಕ್ಕಿಯಲ್ಲಿ ಶೇ 25ರವರೆಗೆ ನುಚ್ಚು ಇರಬಹುದೆಂದು ಬಹುಕಾಲ ಮಾನದಂಡವಿತ್ತು. ಕಾಲು ಭಾಗ ಒಡೆದ ಅಕ್ಕಿ ಅನ್ನಕ್ಕೆ ಅಂಟಾಗುತ್ತದೆ. ಆದ್ದರಿಂದಲೇ ಎಷ್ಟೋ ಮನೆಗಳಲ್ಲಿ ಅದು ದೋಸೆಗೆ, ಇಡ್ಲಿಗೆ, ರೊಟ್ಟಿಗೆ, ಸಂಡಿಗೆಗೆ ಹೋಗುತ್ತದೆ. ದೋಸೆಗೆ ಹಾಕಿದ್ದನ್ನು ತಪ್ಪೆನ್ನುವಂತಿಲ್ಲ. ಮಾರಾಟ ಮಾಡಿದರೆ ಮಾತ್ರ ಅಪರಾಧ. 1955ರ ಅಗತ್ಯ ವಸ್ತುಗಳ ಕಾಯ್ದೆಯಡಿ ಕೇಸು ಬೀಳಬಹುದು.

● ಒಂದು ಕ್ವಿಂಟಲ್ ಭತ್ತ ಕೊಟ್ಟರೆ ಗಿರಣಿ ಸರ್ಕಾರಕ್ಕೆ ಮರಳಿಸಬೇಕಾದ್ದು 67 ಕೆಜಿ ಬೆಳ್ತಿಗೆ ಅಕ್ಕಿ, ಕುಚಲಕ್ಕಿಯಾದರೆ 68. ಹಾಗಾಗಿ ನಿಮ್ಮ ಕೈಗೆ ಬರುವ 10 ಕೆಜಿ ಅಕ್ಕಿಯ ಹಿಂದೆ ಹೆಚ್ಚುಕಡಿಮೆ 15 ಕೆಜಿ ಭತ್ತ ಇದೆ. ಕೊಂಡು, ಕುಟ್ಟಿಸಿ, ಸಾಗಿಸಿ, ಗೋದಾಮಿನಲ್ಲಿಟ್ಟು ನಿಮ್ಮ ಊರಿಗೆ ತರುವ ಹೊತ್ತಿಗೆ ಕೆಜಿ ಅಕ್ಕಿಗೆ ಕೇಂದ್ರಕ್ಕೆ ಬೀಳುವ ಖರ್ಚು ಸುಮಾರು 40 ರೂಪಾಯಿ.

● ‘ಪ್ಲಾಸ್ಟಿಕ್ ಅಕ್ಕಿ’ಯ ಭಯ ಇನ್ನೂ ಹೋಗಿಲ್ಲ. ಮೊರದಲ್ಲಿ ಹಾಕಿ ಕೇರುವಾಗ ಬೇರೆ ಬಣ್ಣದ, ತುಸು ಹಳದಿಯಾಗಿ ಕಾಣುವ ಕಾಳುಗಳು ಸಿಕ್ಕವು, ನೀರಿಗೆ ಹಾಕಿದರೆ ಕೆಲವು ತೇಲಿದವು ಎಂದು ಎಷ್ಟೋ ಗೃಹಿಣಿಯರು ಆರಿಸಿ ಎಸೆದರು. ಎಸೆದದ್ದೇ ಪೌಷ್ಟಿಕಾಂಶ. ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಜೀವಸತ್ವ ಬೆರೆಸಿ ಯಂತ್ರದಲ್ಲಿ ಮತ್ತೆ ಅಕ್ಕಿಯ ಆಕಾರಕ್ಕೆ ಒತ್ತಿದ ಕಾಳುಗಳವು. ನೂರು ಕಾಳಿಗೆ ಒಂದರಂತೆ ಬೆರೆಸುತ್ತಿದ್ದರು. ರಕ್ತಹೀನತೆ ಕಡಿಮೆಯಾಗಲಿ ಎಂದು 2021ರ ಆಗಸ್ಟ್ 15ರ ಭಾಷಣದಲ್ಲಿ ಪ್ರಧಾನಿ ಇದನ್ನು ಘೋಷಿಸಿದರು, 2024ರ ಹೊತ್ತಿಗೆ ಇದು ದೇಶದ ರೇಷನ್ ಅಂಗಡಿಗಳನ್ನೆಲ್ಲ ತಲುಪಿತು. ಸಾರವರ್ಧಿತ ಆಹಾರಕ್ಕೆ ಹಾಕುವ ಗುರುತು ‘+ಎಫ್’. ಅಂಗಡಿಯಲ್ಲಿ ಒಂದು ಮಾತು ಹೇಳಿ ಕೊಟ್ಟಿದ್ದರೆ ಅಷ್ಟು ಭಯವೂ ಇರುತ್ತಿರಲಿಲ್ಲ, ಅಷ್ಟು ಕಾಳು ತಿಪ್ಪೆಗೂ ಹೋಗುತ್ತಿರಲಿಲ್ಲ.

● ರೇಷನ್ ಅಕ್ಕಿ ಗೋಣಿಚೀಲದಲ್ಲೇ ಬರುವುದಕ್ಕೂ ಒಂದು ಕಾನೂನಿದೆ: 1987ರ ಸೆಣಬು ಪ್ಯಾಕಿಂಗ್ ಕಾಯ್ದೆ. ಬಂಗಾಳದ ಸೆಣಬು ಬೆಳೆಗಾರರು ಮತ್ತು ಗಿರಣಿ ಕಾರ್ಮಿಕರ ಅನ್ನವೂ ಆ ಚೀಲದ ಜೊತೆ ಹೊಲಿದುಕೊಂಡಿದೆ.

● ಕರ್ನಾಟಕದ ಅನ್ನಭಾಗ್ಯ ಶುರುವಾದದ್ದು 2013ರ ಜುಲೈ 10ರಂದು, ಕೆಜಿಗೆ ಒಂದು ರೂಪಾಯಿಯಂತೆ. ಹತ್ತು ವರ್ಷಗಳ ನಂತರ ಅದೇ ತಾರೀಕಿಗೆ ಹೊಸ ರೂಪ ಬಂತು. ತಲೆಗೆ 10 ಕೆಜಿ ಎಂದು ಮಾತು ಕೊಟ್ಟಾಗಿತ್ತು. ಹೆಚ್ಚುವರಿ 5 ಕೆಜಿಗೆ ಬೇಕಾದ ಅಕ್ಕಿಯನ್ನು ಮಾರಲು ಕೇಂದ್ರ ಒಪ್ಪಲಿಲ್ಲ. ಆಗ ರಾಜ್ಯ ಕೆಜಿಗೆ 34 ರೂಪಾಯಿ ಲೆಕ್ಕದಲ್ಲಿ ತಲೆಗೆ 170 ರೂಪಾಯಿಯನ್ನು ಯಜಮಾನಿಯ ಖಾತೆಗೆ ಹಾಕಿತು. 2025ರ ಫೆಬ್ರುವರಿಯಿಂದ ಹಣ ನಿಂತು ಮತ್ತೆ ಅಕ್ಕಿ ಬಂತು. ಹಣವೋ ಧಾನ್ಯವೋ ಎಂಬ ಚರ್ಚೆ ದೊಡ್ಡದಾಗಿ ನಡೆಯುತ್ತದೆ. ನನ್ನ ಅಭಿಪ್ರಾಯ ಇಷ್ಟು: 34 ರೂಪಾಯಿಗೆ ಊಟಕ್ಕಾಗುವ ಒಂದು ಕೆಜಿ ಅಕ್ಕಿ ಪೇಟೆಯಲ್ಲಿ ಸಿಗುವುದು ಕಷ್ಟವಾಗಿತ್ತು. ಬೆಲೆ ಏರಿದ ತಿಂಗಳೂ 5 ಕೆಜಿ ಅಕ್ಕಿ 5 ಕೆಜಿಯಾಗಿಯೇ ಇರುತ್ತದೆ. 170 ರೂಪಾಯಿ ಹಾಗೆ ಉಳಿಯುವುದಿಲ್ಲ.

● ಹಳೇ ಮೈಸೂರಿನ ಕಡೆ ರಾಗಿ, ಉತ್ತರ ಕರ್ನಾಟಕದಲ್ಲಿ ಜೋಳ. ಜನ ಉಣ್ಣುವುದನ್ನೇ ರೇಷನ್ನಿನಲ್ಲೂ ಕೊಡುವ ಈ ಪದ್ಧತಿ ಕರ್ನಾಟಕದ ಜಾಣತನ. ಬೆಂಬಲ ಬೆಲೆಗೆ ಇಲ್ಲಿನ ರೈತರಿಂದಲೇ ಕೊಂಡು ಇಲ್ಲಿನ ಅಂಗಡಿಗಳಲ್ಲೇ ಹಂಚುವುದರಿಂದ ಮುದ್ದೆಯ ರಾಗಿ ದೂರದಿಂದ ರೈಲು ಹತ್ತಿ ಬರಬೇಕಾಗಿಲ್ಲ. 2025-26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ. ಇಷ್ಟು ರಾಗಿ ನಮ್ಮ ಹೊಲಗಳಲ್ಲಿ ಬೆಳೆಯುತ್ತಿದೆಯೆಂದರೆ ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ವಿಜ್ಞಾನಿಯನ್ನು ನೆನೆಯಲೇಬೇಕು. ಮಂಡ್ಯದ ವಿ.ಸಿ. ಫಾರಂನಲ್ಲಿ ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ತಳಿಸಂಕರ ಮಾಡಿ ಅವರು ‘ಇಂಡಾಫ್’ ತಳಿಗಳನ್ನು ಕೊಟ್ಟರು. ಕರಾವಳಿಯವರು ಮಾತ್ರ ತಮಗೆ ಕುಚಲಕ್ಕಿ ಕೊಡಿ ಎಂದು ಬಹಳ ಕಾಲದಿಂದ ಕೇಳುತ್ತಲೇ ಇದ್ದಾರೆ. ಅವರ ಮಾತು ನ್ಯಾಯವಾದದ್ದು. ಗಂಜಿ ಉಣ್ಣುವ ಮನೆಗೆ ಬೆಳ್ತಿಗೆ ಕೊಟ್ಟರೆ ಅದು ಮನೆಯಲ್ಲಿ ಉಳಿಯುವುದಿಲ್ಲ.

● ಬೀದರಿನಿಂದ ಹೈದರಾಬಾದಿಗೋ ವಿಜಯಪುರದಿಂದ ಗೋವಾಕ್ಕೋ ಕೂಲಿಗೆ ಹೋದವರು ಅಲ್ಲಿನ ರೇಷನ್ ಅಂಗಡಿಯಲ್ಲೇ ತಮ್ಮ ಪಾಲು ಪಡೆಯಬಹುದು. ‘ಒಂದು ದೇಶ, ಒಂದು ಪಡಿತರ ಚೀಟಿ’ 2019ರ ಆಗಸ್ಟಿನಲ್ಲಿ ನಾಲ್ಕು ರಾಜ್ಯಗಳಲ್ಲಿ ಶುರುವಾಯಿತು. 2020ರ ಜನವರಿಯಲ್ಲಿ ಸೇರಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2022ರ ಜೂನ್‌ನಲ್ಲಿ ಅಸ್ಸಾಂ ಸೇರುವುದರೊಂದಿಗೆ ಇಡೀ ದೇಶ ಇದರೊಳಗೆ ಬಂತು. ಗಂಡ ಗೋವಾದಲ್ಲಿ ತನ್ನ ಪಾಲು, ಹೆಂಡತಿ ಊರಲ್ಲಿ ಉಳಿದ ಪಾಲು, ಹೀಗೆ ಹಂಚಿಕೊಂಡೂ ತೆಗೆಯಬಹುದು. ಒಂದು ಎಚ್ಚರ: ಹೊರರಾಜ್ಯದಲ್ಲಿ ಸಿಗುವುದು ಕೇಂದ್ರದ ಪಾಲು ಮಾತ್ರ. ಅನ್ನಭಾಗ್ಯದ ಹೆಚ್ಚುವರಿ ಅಕ್ಕಿ ಗಡಿ ದಾಟುವುದಿಲ್ಲ. ಈ ಯೋಜನೆಯ ಸಹಾಯವಾಣಿ 14445.

● ಗುರುಗ್ರಾಮದಲ್ಲಿ 2021ರಲ್ಲಿ, ಭುವನೇಶ್ವರದಲ್ಲಿ 2024ರಲ್ಲಿ ಧಾನ್ಯದ ಎಟಿಎಂ ಬಂತು. ಬೆರಳಿಟ್ಟರೆ ತೂಗಿ ಸುರಿಯುತ್ತದೆ. ತೂಕದಲ್ಲಿ ಮೋಸವಿಲ್ಲ. ಬೆರಳಿನ ತೊಂದರೆ ಮಾತ್ರ ಅಲ್ಲೂ ಇದ್ದದ್ದೇ.

● ಅತ್ತ ಅಮೆರಿಕದಲ್ಲಿ ಧಾನ್ಯ ಕೊಡುವುದಿಲ್ಲ. ಕಾರ್ಡಿಗೆ ಹಣ ತುಂಬುತ್ತಾರೆ, ದಿನಸಿಯನ್ನು ಕೊಳ್ಳುವವರೇ ಆರಿಸಿಕೊಳ್ಳುತ್ತಾರೆ. ಸ್ನ್ಯಾಪ್ ಎಂದು ಈಗ ಕರೆಯುವ ಈ ಯೋಜನೆಯ ಮೊದಲ ರೂಪ 1939ರ ಮೇ 16ರಂದು ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಶುರುವಾಯಿತು. ಒಂದು ಡಾಲರಿಗೆ ಕಿತ್ತಳೆ ಬಣ್ಣದ ಚೀಟಿ ಕೊಂಡರೆ ಅರ್ಧ ಡಾಲರಿನ ನೀಲಿ ಚೀಟಿ ಉಚಿತ. ನೀಲಿ ಚೀಟಿಗೆ ರೈತರ ಬಳಿ ಹೆಚ್ಚಾಗಿ ಉಳಿದ ಪದಾರ್ಥಗಳು ಮಾತ್ರ ಸಿಗುತ್ತಿದ್ದವು.

ಈಗಿನ ಸ್ನ್ಯಾಪ್ ಕಾರ್ಡಿನಲ್ಲಿ ಹಾಲು, ಬೇಳೆ, ಮಾಂಸ, ತರಕಾರಿ ಕೊಳ್ಳಬಹುದು. ಸೋಪು, ಮಗುವಿನ ಡೈಪರ್, ಔಷಧಿ ಕೊಳ್ಳುವಂತಿಲ್ಲ. ಬೇಯಿಸಿ ಬಿಸಿಯಾಗಿಟ್ಟ ಊಟವನ್ನೂ ಸಾಮಾನ್ಯವಾಗಿ ಕೊಳ್ಳುವಂತಿಲ್ಲ. ಆದರೆ ಹಿತ್ತಲಲ್ಲಿ ಬಿತ್ತಲು ತರಕಾರಿ ಬೀಜ, ಹಣ್ಣಿನ ಗಿಡ ಕೊಳ್ಳಬಹುದು. ಅಲಾಸ್ಕಾದ ದೂರದ ಹಳ್ಳಿಗಳಲ್ಲಿ ಮೀನಿನ ಬಲೆ, ಗಾಳಗಳನ್ನೂ ಕೊಳ್ಳಬಹುದು. ಆಹಾರ ಎಂದರೆ ಅದನ್ನು ಬೆಳೆದುಕೊಳ್ಳುವ, ಹಿಡಿದುಕೊಳ್ಳುವ ಸಾಧನವೂ ಹೌದು ಎಂದು ಒಪ್ಪಿದ ಈ ನಿಯಮ ನನಗೆ ಬಹಳ ಮೆಚ್ಚುಗೆ. ಅಲ್ಲಿರುವ ಕನ್ನಡಿಗರ ಗಮನಕ್ಕೆ: ಎಚ್-1ಬಿ ವೀಸಾದಲ್ಲಿರುವವರಿಗೆ ಇದು ಸಿಗದು. ಗ್ರೀನ್ ಕಾರ್ಡ್ ಪಡೆದ ವಯಸ್ಕರೂ ಸಾಮಾನ್ಯವಾಗಿ ಐದು ವರ್ಷ ಕಾಯಬೇಕು. ಅಲ್ಲೇ ಹುಟ್ಟಿ ಅಲ್ಲಿನ ಪೌರರಾದ ಮಕ್ಕಳಿಗೆ, ಮನೆಯ ಆದಾಯ ಕಡಿಮೆಯಿದ್ದರೆ, ಹಕ್ಕಿದೆ.

● ಆರು ತಿಂಗಳು ರೇಷನ್ ತೆಗೆಯದಿದ್ದರೆ ಕಾರ್ಡು ತಾತ್ಕಾಲಿಕವಾಗಿ ನಿಷ್ಕ್ರಿಯವಾಗಬಹುದು. 2025ರ ಜುಲೈಯಲ್ಲಿ ಕೇಂದ್ರ ತಂದ ತಿದ್ದುಪಡಿ ಇದು. ನಂತರ ಮನೆಗೆ ಬಂದು ಪರಿಶೀಲಿಸಿ, ಇ-ಕೆವೈಸಿ ಮಾಡಿ ಅರ್ಹರೋ ಅಲ್ಲವೋ ತೀರ್ಮಾನಿಸುತ್ತಾರೆ. ಆಸ್ಪತ್ರೆ, ಬಾಣಂತನ, ದೂರದ ದುಡಿಮೆ ಎಂದು ಊರು ಬಿಟ್ಟವರು ಇದನ್ನು ಮರೆಯಬಾರದು. ಐದು ವರ್ಷಕ್ಕೊಮ್ಮೆ ಇ-ಕೆವೈಸಿ ಮಾಡಿಸುವುದೂ ಕಡ್ಡಾಯ.

● ಅಂಗಡಿಗೆ ನಡೆದು ಬರಲಾಗದ ಒಂಟಿ ಹಿರಿಯರ ಮನೆಬಾಗಿಲಿಗೆ ಧಾನ್ಯ ಮುಟ್ಟಿಸಲು ಕರ್ನಾಟಕದಲ್ಲಿ ‘ಅನ್ನ ಸುವಿಧಾ’ ಇದೆ. ನಿಮ್ಮ ಬೀದಿಯಲ್ಲಿ ಅಂಥ ಅಜ್ಜ ಅಜ್ಜಿ ಇದ್ದರೆ ಅಂಗಡಿಯಲ್ಲಿ ವಿಚಾರಿಸಿ ಹೆಸರು ಬರೆಸಿಕೊಡಿ.

● ಗುರುತಿನ ದಾಖಲೆ ಇಲ್ಲವೆಂದು ಲೈಂಗಿಕ ಕಾರ್ಯಕರ್ತೆಯರಿಗೆ ಪಡಿತರ ನಿರಾಕರಿಸಕೂಡದು ಎಂದು ಸುಪ್ರೀಂ ಕೋರ್ಟು ಕೋವಿಡ್ ಕಾಲದಲ್ಲಿ ಆದೇಶಿಸಿದೆ. ಬದುಕುವ ಹಕ್ಕಿಗೆ ಗುರುತಿನ ಚೀಟಿ ಬೇಕಾಗಿಲ್ಲ ಎಂಬುದನ್ನು ಕೋರ್ಟೇ ಹೇಳಬೇಕಾಯಿತು.

● ಟೀಪುಡಿ ಕೊಂಡರೆ ಮಾತ್ರ ಅಕ್ಕಿ, ಸೋಪು ತಗೊಂಡರೆ ಮಾತ್ರ ರಾಗಿ ಎಂದು ಅಂಗಡಿಯವರು ಹೇಳಿದರೆ ಅದಕ್ಕೆ ಕಾನೂನಿನ ಆಧಾರವಿಲ್ಲ. ಸಾಗಣೆ ಖರ್ಚೆಂದು ಹತ್ತಿಪ್ಪತ್ತು ರೂಪಾಯಿ ಕೇಳಿದರೂ ಅಷ್ಟೇ. ಅವರ ದುಡಿಮೆಗೆ ಸರ್ಕಾರ ಕ್ವಿಂಟಲ್ ಲೆಕ್ಕದಲ್ಲಿ ಕಮಿಷನ್ ಕೊಡುತ್ತದೆ. ಆ ಕಮಿಷನ್ ತಿಂಗಳುಗಟ್ಟಲೆ ತಡವಾಗುತ್ತದೆ ಎಂಬ ಅವರ ದೂರು ನಿಜ. ಅದನ್ನು ಅವರು ಸರ್ಕಾರದಿಂದ ವಸೂಲು ಮಾಡಬೇಕು, ಕೂಲಿ ಬಿಟ್ಟು ಸಾಲಿನಲ್ಲಿ ನಿಂತವರಿಂದಲ್ಲ. ದೂರು ಕೊಡಲು 1967ಕ್ಕೆ ಫೋನ್ ಮಾಡಿ. ಬಿಲ್ಲು ಕೇಳಿ ಪಡೆಯಿರಿ, ಯಂತ್ರದಿಂದ ಬರುವ ಆ ಚೀಟಿಯಲ್ಲಿ ನಿಮಗೆ ಕೊಟ್ಟದ್ದೆಷ್ಟು ಎಂಬುದು ಇರುತ್ತದೆ.

● ತಿಂಗಳಿಗೆ 10 ಕೆಜಿ ಎಂದರೆ ದಿನಕ್ಕೆ ಸುಮಾರು 333 ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ವಯಸ್ಕರ ದಿನದ ತಟ್ಟೆಗೆ ಹೇಳುವ ಧಾನ್ಯ 250 ಗ್ರಾಂ ಆಸುಪಾಸು. ಅನ್ನ ಸಾಕಷ್ಟಿದೆ. ಕೊರತೆಯಿರುವುದು ಬೇಳೆ, ಮೊಟ್ಟೆ, ಸೊಪ್ಪು, ಎಣ್ಣೆಯದು. ಹೆಚ್ಚುವರಿ ಅಕ್ಕಿಯ ಬದಲು ತೊಗರಿಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ಕಿಟ್ ಕೊಡಲು ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರಿನಲ್ಲಿ ಒಪ್ಪಿತು. ಬೇಳೆಯ ಮಾತು ಸರಿ. ತೊಗರಿ ನಮ್ಮ ಕಲಬುರಗಿಯದೇ ಬೆಳೆ, ಅಲ್ಲಿನ ರೈತರಿಂದ ಕೊಂಡು ಬೇರೆ ಜಿಲ್ಲೆಗಳ ಸಾರಿನ ಪಾತ್ರೆಗೆ ತಲುಪಿಸುವುದು ರಾಗಿಯಲ್ಲಿ ನಾವು ಆಗಲೇ ಕಲಿತ ಕೆಲಸ. ಹಾಗೆಂದು ದಿನಗೂಲಿಯ ಮನೆಯಲ್ಲಿ ಅನ್ನವೇ ಹೆಚ್ಚು ಹೊಟ್ಟೆ ತುಂಬಿಸುತ್ತದೆ ಎಂಬುದನ್ನೂ ಮರೆಯದೆ ತೂಗಬೇಕು.

● ಕೊನೆಯದು, ಎಲ್ಲಕ್ಕಿಂತ ಕಡಿಮೆ ಚರ್ಚೆಯಾದದ್ದು. ದೇಶದಲ್ಲಿ ಎಷ್ಟು ಜನರಿಗೆ ಕೇಂದ್ರದ ಪಡಿತರ ಎಂಬ ಲೆಕ್ಕ ಇಂದಿಗೂ 2011ರ ಜನಗಣತಿಯದು. ಹಳ್ಳಿಗಳಲ್ಲಿ ಶೇ 75, ಪಟ್ಟಣಗಳಲ್ಲಿ ಶೇ 50ರವರೆಗೆ ಎಂದು ಕಾಯ್ದೆ ಹೇಳುತ್ತದೆ. ಅದರಂತೆ ಒಟ್ಟು ಮಿತಿ ಸುಮಾರು 81 ಕೋಟಿ, ಕರ್ನಾಟಕದ ಪಾಲು ಸುಮಾರು 4 ಕೋಟಿ. 2021ರಲ್ಲಿ ಆಗಬೇಕಿದ್ದ ಗಣತಿ ನಡೆಯಲೇ ಇಲ್ಲ. ಆ ನಡುವೆ ಹುಟ್ಟಿದ ಮಕ್ಕಳು, ಮದುವೆಯಾಗಿ ಬೇರೆ ಒಲೆ ಹೂಡಿದವರು ಲೆಕ್ಕದಿಂದ ಹೊರಗೇ ಉಳಿದರು. ಅರ್ಥಶಾಸ್ತ್ರಜ್ಞರಾದ ಜಾನ್ ಡ್ರೇಜ್ ಮತ್ತು ರೀತಿಕಾ ಖೇರಾ 2020ರಲ್ಲೇ ಅಂದಾಜು ಮಾಡಿದಂತೆ ಹೀಗೆ ಹೊರಗುಳಿದವರು 10 ಕೋಟಿಗೂ ಹೆಚ್ಚು. ಹೊಸ ಕಾರ್ಡಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುವ ಸೊಸೆಯಂದಿರು, ಮೊಮ್ಮಕ್ಕಳ ಹೆಸರು ಸೇರಿಸಲು ಅಲೆಯುವ ಅಜ್ಜಂದಿರು ಈ ಹತ್ತು ಕೋಟಿಯಲ್ಲಿ ಇದ್ದಾರೆ. ಮಿತಿ ಮೀರಿದವರಿಗೆ ಕರ್ನಾಟಕ ತನ್ನದೇ ಖರ್ಚಿನಲ್ಲಿ ಕೊಡುತ್ತಿದೆ, ಎಲ್ಲ ರಾಜ್ಯಗಳಿಗೂ ಆ ಶಕ್ತಿಯಿಲ್ಲ. ಮುಂದಿನ ಗಣತಿಗೆ ಗೊತ್ತುಮಾಡಿರುವ ದಿನ 2027ರ ಮಾರ್ಚ್ 1. ಕಾಯ್ದೆಯ 9ನೇ ಕಲಂ ಪ್ರಕಾರ ಪಡಿತರದ ಮಿತಿ ಪ್ರಕಟವಾದ ಗಣತಿಯ ಅಂಕಿಗಳನ್ನು ಆಧರಿಸಬೇಕು. ಗಣತಿಯವರು ಮನೆಗೆ ಬಂದಾಗ ತೊಟ್ಟಿಲಲ್ಲಿರುವ ಕೂಸಿನಿಂದ ಹಿಡಿದು ಎಲ್ಲರ ಹೆಸರನ್ನೂ ಬರೆಸಿ.